ಹಲವು ಯಂತ್ರಗಳಿಗೆ ಒಂದೇ ರಿಮೋಟ್

ಹೋಮ್ ಥಿಯೇಟರ್ ಎಂದು ಕರೆಯುವ ಏರ್ಪಾಡಿನಲ್ಲಿ ಚಿತ್ರ ತೋರಿಸುವ ಟಿವಿ ಅಥವಾ ಪ್ರೊಜೆಕ್ಟರ್, ಸುತ್ತಲಿನ ಸ್ಪೀಕರ್‌ಗಳಿಗೆ ಧ್ವನಿಯನ್ನು ಹಂಚಿಕೊಡುವ ಎವಿ ರಿಸೀವರ್, ಡಿಸ್ಕ್ ಓಡಿಸುವ ಬ್ಲೂ-ರೇ ಪ್ಲೇಯರ್, ಚಾನೆಲ್‌ಗಳನ್ನು ತರುವ ಸೆಟ್‌ಟಾಪ್ ಬಾಕ್ಸ್, ಅಂತರಜಾಲದಿಂದ ಸಿನಿಮಾ ತರುವ ಸ್ಟ್ರೀಮಿಂಗ್ ಸ್ಟಿಕ್ ಹೀಗೆ ನಾಲ್ಕೈದು ಯಂತ್ರಗಳು ಸೇರಿರುತ್ತವೆ. ಪ್ರತಿಯೊಂದಕ್ಕೂ ತನ್ನದೇ ರಿಮೋಟ್ ಇರುತ್ತದೆ. ಒಂದು ಸಿನಿಮಾ ನೋಡಬೇಕಾದರೆ ಮೂರು ಯಂತ್ರಗಳನ್ನು ಚಾಲೂ ಮಾಡಿ, ಟಿವಿಯನ್ನು ಸರಿಯಾದ ಎಚ್‌ಡಿಎಂಐ ಇನ್‌ಪುಟ್‌ಗೆ ತಿರುಗಿಸಿ, ರಿಸೀವರ್‌ಗೆ ಪ್ಲೇಯರಿನ ಧ್ವನಿಯನ್ನು ತೆಗೆದುಕೊಳ್ಳುವಂತೆ ಸೂಚಿಸಿ, ಆಮೇಲೆ ಪ್ಲೇಯರಿನ ರಿಮೋಟ್ ಹಿಡಿದು ಗುಂಡಿ ಒತ್ತಬೇಕು. ಈ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಚಿತ್ರ ಬಂದು ಧ್ವನಿ ಬಾರದೆ ಇರಬಹುದು, ಇಲ್ಲವೆ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಸೂಚನೆಯಷ್ಟೇ ಉಳಿಯಬಹುದು. ಸಾಮಾನ್ಯವಾಗಿ ಈ ಕ್ರಮವು ಮನೆಯಲ್ಲಿ ಒಬ್ಬರಿಗೆ ಮಾತ್ರ ಬಾಯಿಪಾಠವಾಗಿರುತ್ತದೆ. ಅವರು ಊರಲ್ಲಿಲ್ಲದ ದಿನ ಉಳಿದವರು ಟಿವಿಯ ತಂಟೆಗೇ ಹೋಗುವುದಿಲ್ಲ.

ಪ್ರೋಗ್ರಾಮ್ ಮಾಡಬಹುದಾದ ಯೂನಿವರ್ಸಲ್ ರಿಮೋಟ್ ಈ ತೊಂದರೆಗೆ ಕಂಡುಕೊಂಡ ಪರಿಹಾರ. ಮೇಜಿನ ಮೇಲಿನ ರಿಮೋಟ್‌ಗಳ ಸಂಖ್ಯೆಯನ್ನು ಅದು ಕಡಿಮೆ ಮಾಡುತ್ತದೆ ಎಂಬುದು ಎದ್ದು ಕಾಣುವ ಲಾಭವಾದರೂ ಅದರ ಹೆಚ್ಚಿನ ಉಪಯೋಗ ಬೇರೊಂದು ಕಡೆ ಇದೆ: ಒಬ್ಬರ ನೆನಪಿನಲ್ಲಿ ಮಾತ್ರ ಇದ್ದ ಕ್ರಮವನ್ನು ಅದು ಮನೆಯವರೆಲ್ಲರ ಕೈಗೆ ಸಿಗುವ ಒಂದು ಗುಂಡಿಗೆ ವರ್ಗಾಯಿಸುತ್ತದೆ. ಆದರೆ ಈ ವರ್ಗಾವಣೆಗೆ ಒಂದು ಮೂಲಭೂತ ಮಿತಿ ಇದೆ. ಸಾಮಾನ್ಯ ರಿಮೋಟ್ ಆಜ್ಞೆಯನ್ನು ಕಳುಹಿಸಬಲ್ಲದೇ ಹೊರತು ಉತ್ತರವನ್ನು ಕೇಳಿಸಿಕೊಳ್ಳಲಾರದು; ಟಿವಿ ಚಾಲೂ ಆಯಿತೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಯೂನಿವರ್ಸಲ್ ರಿಮೋಟ್ ಬಳಸುವವರು ಎದುರಿಸುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದೇ ಕಾರಣದಿಂದ ಹುಟ್ಟುತ್ತವೆ, ಮತ್ತು ಪ್ರೋಗ್ರಾಮ್ ಮಾಡುವ ಜಾಣ್ಮೆಯೆಲ್ಲ ಈ ಕೊರತೆಯನ್ನು ತುಂಬಿಕೊಳ್ಳುವ ಜಾಣ್ಮೆಯೇ ಆಗಿದೆ.

ತಂತಿಯಿಂದ ಬೆಳಕಿಗೆ

ದೂರದಿಂದ ಟಿವಿಯನ್ನು ನಿಯಂತ್ರಿಸುವ ಪ್ರಯತ್ನಗಳಲ್ಲಿ ಅಮೆರಿಕದ ಝೆನಿತ್ ಕಂಪನಿಯ ಹೆಸರು ಮೊದಲಿಗೆ ಬರುತ್ತದೆ. ಅದು 1950ರಲ್ಲಿ ಮಾರುಕಟ್ಟೆಗೆ ತಂದ ‘ಲೇಜಿ ಬೋನ್ಸ್’ ಎಂಬ ಸಾಧನವು ಉದ್ದನೆಯ ತಂತಿಯ ಮೂಲಕ ಟಿವಿಗೆ ಸೇರಿಕೊಂಡಿತ್ತು. ನೆಲದ ಮೇಲೆ ಹರಡಿದ ತಂತಿಗೆ ಜನ ಕಾಲು ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ತಂತಿಯಿಲ್ಲದ ಉಪಾಯ ಬೇಕಾಯಿತು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪೋಲಿ ರೂಪಿಸಿದ ‘ಫ್ಲ್ಯಾಶ್-ಮ್ಯಾಟಿಕ್’ ಟಾರ್ಚಿನಂತೆ ಬೆಳಕು ಬೀರುತ್ತಿತ್ತು, ಪರದೆಯ ನಾಲ್ಕು ಮೂಲೆಗಳಲ್ಲಿ ಕೂರಿಸಿದ್ದ ಬೆಳಕು ಗ್ರಹಿಸುವ ಕೋಶಗಳು ಆ ಬೆಳಕನ್ನು ಆಜ್ಞೆಯಾಗಿ ತಿಳಿಯುತ್ತಿದ್ದವು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಆ ಕೋಶಗಳು ಎಚ್ಚರಗೊಂಡು ಚಾನೆಲ್ ತಾನಾಗಿ ಬದಲಾಗುತ್ತಿತ್ತು. ಮರುವರ್ಷ, ಅಂದರೆ 1956ರಲ್ಲಿ, ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಭೌತವಿಜ್ಞಾನಿ ರಾಬರ್ಟ್ ಆಡ್ಲರ್ ಅವರ ‘ಸ್ಪೇಸ್ ಕಮಾಂಡ್’ ಬಂದಿತು. ಅದರೊಳಗಿನ ಪುಟ್ಟ ಸುತ್ತಿಗೆಗಳು ಅಲ್ಯೂಮಿನಿಯಂ ಸರಳುಗಳಿಗೆ ಬಡಿದು, ಮನುಷ್ಯರ ಕಿವಿಗೆ ನಿಲುಕದಷ್ಟು ಹೆಚ್ಚಿನ ಆವರ್ತನದ ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತಿದ್ದವು. ಆ ರಿಮೋಟ್‌ಗೆ ಬ್ಯಾಟರಿಯೇ ಬೇಕಿರಲಿಲ್ಲ.

ಸರಳಿನ ಸಂಖ್ಯೆಯಷ್ಟೇ ಆಜ್ಞೆಗಳಿದ್ದ ಈ ವ್ಯವಸ್ಥೆಯು ಚಾನೆಲ್‌ಗಳೂ ಸೌಲಭ್ಯಗಳೂ ಹೆಚ್ಚಿದಾಗ ಸಾಲದೆ ಹೋಯಿತು. 1980ರ ದಶಕದ ಹೊತ್ತಿಗೆ ಅವಕೆಂಪು ಕಿರಣದ ರಿಮೋಟ್‌ಗಳು ಅದರ ಜಾಗವನ್ನು ಹಿಡಿದವು. ಅದೇ ದಶಕದಲ್ಲಿ ವಿಸಿಆರ್, ಕೇಬಲ್ ಪೆಟ್ಟಿಗೆ, ಸ್ಟೀರಿಯೊಗಳು ಅಮೆರಿಕದ ಮನೆಗಳಿಗೆ ಬಂದು ರಿಮೋಟ್‌ಗಳ ಗುಂಪು ಬೆಳೆದಾಗ, ಆಪಲ್ ಕಂಪನಿಯ ಸಹಸ್ಥಾಪಕ ಸ್ಟೀವ್ ವೋಜ್ನಿಯಾಕ್ ಆ ಕಂಪನಿಯ ದಿನನಿತ್ಯದ ಕೆಲಸದಿಂದ ಹೊರಬಂದು ‘ಸಿಎಲ್ 9’ ಎಂಬ ಹೊಸ ಕಂಪನಿಯನ್ನು ಕಟ್ಟಿ, 1987ರಲ್ಲಿ ‘ಕೋರ್’ ಎಂಬ ರಿಮೋಟನ್ನು ಹೊರತಂದರು. ಬೇರೆ ರಿಮೋಟ್‌ಗಳ ಸಂಕೇತಗಳನ್ನು ಕಲಿತುಕೊಳ್ಳುವುದು, ಹಲವು ಸಂಕೇತಗಳನ್ನು ಪೋಣಿಸಿ ಒಂದೇ ಗುಂಡಿಯಿಂದ ಕಳುಹಿಸುವುದು ಎಂಬ ಎರಡು ಗುಣಗಳು ಅದರಲ್ಲಿದ್ದವು. ಇಂದಿಗೂ ಪ್ರೋಗ್ರಾಮ್ ಮಾಡಬಹುದಾದ ರಿಮೋಟ್ ಎಂದರೆ ಈ ಎರಡು ಗುಣಗಳೇ. ಆದರೆ ಅದನ್ನು ಸಿದ್ಧಗೊಳಿಸುವ ಕೆಲಸ ತಂತ್ರಜ್ಞರಿಗೆ ಹಿತವಾದಷ್ಟು ಸಾಮಾನ್ಯ ಗ್ರಾಹಕರಿಗೆ ಹಿತವಾಗಲಿಲ್ಲ. ಮುಂದೆ ಈ ಜಾತಿಯ ಪ್ರತಿಯೊಂದು ಉತ್ಪನ್ನವೂ ಎದುರಿಸಿದ ಪ್ರಶ್ನೆ ಅದೇ ಆಯಿತು.

ಕಣ್ಣಿಗೆ ಕಾಣದ ಸಂಕೇತ

ರಿಮೋಟ್‌ನ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ದೀಪವು ಸಾಮಾನ್ಯವಾಗಿ ಸುಮಾರು 940 ನ್ಯಾನೊಮೀಟರ್ ತರಂಗದೂರದ ಅವಕೆಂಪು ಬೆಳಕನ್ನು ಬೀರುತ್ತದೆ. ಈ ಬೆಳಕು ಕಣ್ಣಿಗೆ ಕಾಣದಿದ್ದರೂ ಮೊಬೈಲ್ ಫೋನಿನ ಕ್ಯಾಮೆರಾಕ್ಕೆ, ವಿಶೇಷವಾಗಿ ಮುಂಬದಿಯ ಕ್ಯಾಮೆರಾಕ್ಕೆ, ಹಲವು ಸಲ ನಸುನೇರಳೆ ಮಿನುಗಾಗಿ ಕಾಣುತ್ತದೆ. ರಿಮೋಟ್ ಕೆಟ್ಟಿದೆಯೋ ಟಿವಿ ಕೆಟ್ಟಿದೆಯೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಬಿಸಿಲು, ಬಲ್ಬು, ಬಿಸಿಯಾದ ಪ್ರತಿಯೊಂದು ವಸ್ತುವೂ ಅವಕೆಂಪು ಕಿರಣವನ್ನು ಬೀರುವುದರಿಂದ, ರಿಮೋಟ್‌ನ ಬೆಳಕನ್ನು ಇವುಗಳಿಂದ ಬೇರ್ಪಡಿಸಲು ಅದನ್ನು ಸೆಕೆಂಡಿಗೆ 36 ಸಾವಿರದಿಂದ 40 ಸಾವಿರ ಸಲ ಮಿಡಿಯುವಂತೆ ಮಾಡಲಾಗುತ್ತದೆ. ಇದನ್ನು ವಾಹಕ ಆವರ್ತನವೆನ್ನುತ್ತಾರೆ. ಟಿವಿಯಲ್ಲಿರುವ ಗ್ರಾಹಕವು ಈ ವೇಗದಲ್ಲಿ ಮಿಡಿಯುವ ಬೆಳಕಿಗೆ ಮಾತ್ರ ಕಿವಿಗೊಟ್ಟು ಉಳಿದ ಬೆಳಕನ್ನು ಕಡೆಗಣಿಸುತ್ತದೆ.

ಆಜ್ಞೆಯನ್ನು ಬರೆಯುವುದು ಈ ಮಿಡಿತದ ಗೊಂಚಲುಗಳು ಮತ್ತು ಅವುಗಳ ನಡುವಿನ ಮೌನದ ಅಳತೆಯಿಂದ. ಬಹಳ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ವಾಹಕ ಆವರ್ತನ 38 ಕಿಲೋಹರ್ಟ್ಸ್. ಮೊದಲು 9 ಮಿಲಿಸೆಕೆಂಡ್ ಮಿಡಿತ, ಬಳಿಕ 4.5 ಮಿಲಿಸೆಕೆಂಡ್ ಮೌನ, ಅದಾದ ಮೇಲೆ ಯಾವ ಯಂತ್ರಕ್ಕೆ ಎಂಬುದನ್ನು ಹೇಳುವ 8 ಬಿಟ್‌ಗಳ ವಿಳಾಸ, ಏನು ಮಾಡಬೇಕು ಎಂಬುದನ್ನು ಹೇಳುವ 8 ಬಿಟ್‌ಗಳ ಆಜ್ಞೆ ಬರುತ್ತವೆ. ಸೊನ್ನೆಗೆ ಮೌನ ಚಿಕ್ಕದು, ಒಂದಕ್ಕೆ ಮೌನ ದೊಡ್ಡದು. ವಿಳಾಸ ಮತ್ತು ಆಜ್ಞೆಗಳೆರಡನ್ನೂ ಒಮ್ಮೆ ನೇರವಾಗಿ, ಇನ್ನೊಮ್ಮೆ ಸೊನ್ನೆ-ಒಂದುಗಳನ್ನು ಅದಲುಬದಲು ಮಾಡಿ ಕಳುಹಿಸುವುದರಿಂದ ನಡುವೆ ತಪ್ಪಾದರೆ ಗ್ರಾಹಕವು ಅದನ್ನು ಗುರುತಿಸಿ ತಿರಸ್ಕರಿಸುತ್ತದೆ. ಇಷ್ಟೆಲ್ಲ ಮುಗಿಯಲು ಬೇಕಾಗುವ ಕಾಲ 67.5 ಮಿಲಿಸೆಕೆಂಡ್ ಮಾತ್ರ. ಸೋನಿಯ ಪದ್ಧತಿಯಲ್ಲಿ ವಾಹಕ ಆವರ್ತನ 40 ಕಿಲೋಹರ್ಟ್ಸ್, ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯಲ್ಲಿ 36 ಕಿಲೋಹರ್ಟ್ಸ್. ಬಿಟ್‌ಗಳ ಲೆಕ್ಕವೂ ಬರೆಯುವ ಕ್ರಮವೂ ಬೇರೆ. ಒಂದು ಕಂಪನಿಯ ರಿಮೋಟ್ ಇನ್ನೊಂದು ಕಂಪನಿಯ ಯಂತ್ರಕ್ಕೆ ತಾಗದಿರುವುದಕ್ಕೆ ಕಾರಣ ಈ ಭಿನ್ನತೆ. ಯೂನಿವರ್ಸಲ್ ರಿಮೋಟ್ ಇವೆಲ್ಲವನ್ನೂ ನುಡಿಯಬಲ್ಲ ಬಹುಭಾಷಿ.

ಸಂಕೇತವನ್ನು ತುಂಬುವ ಮೂರು ದಾರಿಗಳು

ಯೂನಿವರ್ಸಲ್ ರಿಮೋಟ್‌ಗೆ ಮನೆಯ ಯಂತ್ರಗಳ ಸಂಕೇತಗಳನ್ನು ಒದಗಿಸಲು ಮೂರು ದಾರಿಗಳಿವೆ. ಮೊದಲನೆಯದು ಸಂಕೇತ ಸಂಖ್ಯೆಯ ದಾರಿ. ತಯಾರಕರು ಸಾವಿರಾರು ಮಾದರಿಗಳ ಸಂಕೇತಗಳನ್ನು ರಿಮೋಟ್‌ನೊಳಗೇ ತುಂಬಿಟ್ಟು, ಪ್ರತಿ ಗುಂಪಿಗೂ ನಾಲ್ಕು ಅಥವಾ ಐದು ಅಂಕಿಗಳ ಸಂಖ್ಯೆ ಕೊಟ್ಟಿರುತ್ತಾರೆ. ಬಳಕೆದಾರರು ಕೈಪಿಡಿಯಲ್ಲಿ ತಮ್ಮ ಟಿವಿಯ ಹೆಸರನ್ನು ಹುಡುಕಿ, ಸೆಟ್ ಗುಂಡಿಯನ್ನು ಒತ್ತಿ ಹಿಡಿದು ಆ ಸಂಖ್ಯೆಯನ್ನು ನಮೂದಿಸಬೇಕು. ಸಂಖ್ಯೆ ಸಿಗದಿದ್ದರೆ ರಿಮೋಟ್ ಒಂದೊಂದಾಗಿ ಎಲ್ಲ ಗುಂಪುಗಳ ಪವರ್ ಆಜ್ಞೆಯನ್ನು ಕಳುಹಿಸುತ್ತ ಹೋಗುತ್ತದೆ, ಟಿವಿ ಆರಿದ ಕ್ಷಣದಲ್ಲಿ ನಿಲ್ಲಿಸಿದರೆ ಸರಿಯಾದ ಗುಂಪು ಸಿಕ್ಕಿತೆಂದು ಅರ್ಥ. ಈ ದಾರಿ ಸುಲಭ, ಆದರೆ ಹೆಸರಾಂತ ಕಂಪನಿಗಳ ಯಂತ್ರಗಳಿಗೆ ಹೊಂದಿದಷ್ಟು ಚೆನ್ನಾಗಿ ಸಣ್ಣ ಕಂಪನಿಗಳ ಯಂತ್ರಗಳಿಗೆ ಹೊಂದುವುದಿಲ್ಲ, ಮೂಲ ರಿಮೋಟ್‌ನ ವಿಶೇಷ ಗುಂಡಿಗಳು ಹಲವು ಸಲ ಬಿಟ್ಟುಹೋಗಿರುತ್ತವೆ.

ಎರಡನೆಯದು ಕಲಿಸುವ ದಾರಿ. ಮೂಲ ರಿಮೋಟ್ ಮತ್ತು ಹೊಸ ರಿಮೋಟ್‌ಗಳನ್ನು ಮೂತಿಗೆ ಮೂತಿ ಎದುರಾಗಿ ಕೆಲವು ಸೆಂಟಿಮೀಟರ್ ದೂರದಲ್ಲಿ ಇಟ್ಟು, ಹೊಸದರಲ್ಲಿ ಕಲಿಯಬೇಕಾದ ಗುಂಡಿಯನ್ನು ಆರಿಸಿ, ಮೂಲದ ಗುಂಡಿಯನ್ನು ಒತ್ತಿದರೆ ಹೊಸ ರಿಮೋಟ್ ಆ ಮಿಡಿತ ಮತ್ತು ಮೌನಗಳ ಉದ್ದವನ್ನು ಅಳೆದು ದಾಖಲಿಸಿಕೊಳ್ಳುತ್ತದೆ. ಈ ಕೆಲಸವನ್ನು ನೇರ ಬಿಸಿಲಿನಲ್ಲಿ ಅಥವಾ ಸಿಎಫ್‌ಎಲ್ ದೀಪದ ಕೆಳಗೆ ಮಾಡಿದರೆ ದಾಖಲೆ ಕೆಡಬಹುದು, ಏಕೆಂದರೆ ಸಿಎಫ್‌ಎಲ್ ದೀಪದೊಳಗಿನ ವಿದ್ಯುನ್ಮಂಡಲವೂ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಡಿಯುತ್ತದೆ. ಭಾರತದಲ್ಲಿ ಬಹಳ ಮಂದಿ ತಮಗೆ ಅರಿವಿಲ್ಲದೆಯೇ ಈ ದಾರಿಯನ್ನು ಬಳಸಿದ್ದಾರೆ. ಕೇಬಲ್ ಟಿವಿಯ ಡಿಜಿಟಲೀಕರಣದ ಎರಡನೆಯ ಹಂತವು 2013ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಿಗೆ ಬಂದ ಮೇಲೆ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಚಾನೆಲ್ ನೋಡುವುದು ಅಸಾಧ್ಯವಾಗಿ ಮನೆಮನೆಯಲ್ಲೂ ಎರಡು ರಿಮೋಟ್‌ಗಳಾದವು. ಅನೇಕ ಸೆಟ್‌ಟಾಪ್ ಬಾಕ್ಸ್ ರಿಮೋಟ್‌ಗಳ ಒಂದು ಬದಿಯಲ್ಲಿ ಟಿವಿಯ ಪವರ್ ಮತ್ತು ಧ್ವನಿಯ ಗುಂಡಿಗಳಿದ್ದು, ಟಿವಿ ರಿಮೋಟ್‌ನಿಂದ ಅವುಗಳಿಗೆ ಸಂಕೇತವನ್ನು ಕಲಿಸಬಹುದು. ಇದು ಯೂನಿವರ್ಸಲ್ ರಿಮೋಟ್‌ನ ಅತ್ಯಂತ ಚಿಕ್ಕ ರೂಪ.

ಕಲಿಕೆಗೂ ಒಂದು ಸೂಕ್ಷ್ಮವಾದ ಅಡ್ಡಿ ಇದೆ. ಆರ್‌ಸಿ-5 ಪದ್ಧತಿಯಲ್ಲಿ ಗುಂಡಿಯನ್ನು ಹೊಸದಾಗಿ ಒತ್ತಿದಾಗಲೆಲ್ಲ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುವ ಒಂದು ಬಿಟ್ ಇರುತ್ತದೆ. ಗುಂಡಿಯನ್ನು ಒತ್ತಿ ಹಿಡಿದಿದ್ದಾರೋ, ಬಿಟ್ಟು ಮತ್ತೆ ಒತ್ತಿದ್ದಾರೋ ಎಂಬುದನ್ನು ಟಿವಿ ಇದರಿಂದಲೇ ತಿಳಿಯುತ್ತದೆ. ಸಂಕೇತವನ್ನು ಹೇಗಿತ್ತೋ ಹಾಗೆ ನಕಲು ಮಾಡಿಕೊಂಡ ರಿಮೋಟ್‌ನಲ್ಲಿ ಈ ಬಿಟ್ ಬದಲಾಗುವುದೇ ಇಲ್ಲ. ಹಾಗಾಗಿ 11ನೆಯ ಚಾನೆಲ್‌ಗೆ ಹೋಗಲು ಒಂದರ ಗುಂಡಿಯನ್ನು ಎರಡು ಸಲ ಒತ್ತಿದರೂ ಟಿವಿ ಅದನ್ನು ಒಂದೇ ಒತ್ತೆಂದು ಎಣಿಸಬಹುದು. ರಿಮೋಟ್ ಕೆಟ್ಟಿದೆ ಎಂದು ಬಳಕೆದಾರರು ತಿಳಿಯುವ ಇಂಥ ಸಂದರ್ಭದಲ್ಲಿ, ಅದೇ ಯಂತ್ರಕ್ಕೆ ಸಂಕೇತ ಸಂಖ್ಯೆಯ ದಾರಿಯನ್ನು ಬಳಸಿದರೆ ತೊಂದರೆ ನಿವಾರಣೆಯಾಗುತ್ತದೆ, ಏಕೆಂದರೆ ಆಗ ರಿಮೋಟ್‌ಗೆ ಪದ್ಧತಿಯ ನಿಯಮವೇ ಗೊತ್ತಿರುತ್ತದೆ.

ಮೂರನೆಯದು ಕಂಪ್ಯೂಟರ್ ಅಥವಾ ಅಂತರಜಾಲದ ದಾರಿ. ಫಿಲಿಪ್ಸ್ ಕಂಪನಿಯು 1998ರಲ್ಲಿ ಹೊರತಂದ ‘ಪ್ರೋಂಟೊ’ ಎಂಬ ಸ್ಪರ್ಶಪರದೆಯ ರಿಮೋಟನ್ನು ಕಂಪ್ಯೂಟರ್‌ಗೆ ಜೋಡಿಸಿ, ಪರದೆಯ ಮೇಲಿನ ಗುಂಡಿಗಳ ಆಕಾರವನ್ನೂ ಹೆಸರನ್ನೂ ಜಾಗವನ್ನೂ ಬಳಕೆದಾರರೇ ವಿನ್ಯಾಸ ಮಾಡಬಹುದಾಗಿತ್ತು. ಅದು ಸಂಕೇತಗಳನ್ನು ಹದಿನಾರರ ಆಧಾರದ ಸಂಖ್ಯೆಗಳ ಸಾಲಾಗಿ ಬರೆಯುತ್ತಿದ್ದುದರಿಂದ ಒಬ್ಬರು ದಾಖಲಿಸಿದ ಸಂಕೇತವನ್ನು ಇನ್ನೊಬ್ಬರು ಪಠ್ಯವಾಗಿಯೇ ಪಡೆದುಕೊಳ್ಳುವುದು ಸಾಧ್ಯವಾಯಿತು. ಫಿಲಿಪ್ಸ್ 2010ರಲ್ಲಿ ಪ್ರೋಂಟೊ ವ್ಯವಹಾರದಿಂದ ಹಿಂದೆ ಸರಿದರೂ ಆ ಬರವಣಿಗೆಯ ಕ್ರಮ ಹವ್ಯಾಸಿಗಳ ನಡುವೆ ಇಂದಿಗೂ ಸಂಕೇತ ವಿನಿಮಯಕ್ಕೆ ಬಳಕೆಯಾಗುತ್ತಿದೆ. ಯೂನಿವರ್ಸಲ್ ಎಲೆಕ್ಟ್ರಾನಿಕ್ಸ್ ಕಂಪನಿ ತಯಾರಿಸಿದ ಅಗ್ಗದ ರಿಮೋಟ್‌ಗಳ ಬ್ಯಾಟರಿ ಅಂಕಣದಲ್ಲಿ ಆರು ಪಿನ್‌ಗಳ ಒಂದು ಜೋಡಣೆ ಇರುವುದನ್ನು ಕಂಡ ಇದೇ ಹವ್ಯಾಸಿಗಳು, ಅದರ ಮೂಲಕ ರಿಮೋಟ್‌ನ ನೆನಪಿಗೆ ಹೊಸ ಸಂಕೇತಗಳನ್ನು ಬರೆಯುವ ವಿಧಾನವನ್ನೂ ರೂಪಿಸಿದರು.

ಕ್ರಮವೂ ಕಾಲವೂ

ಸಂಕೇತಗಳೆಲ್ಲ ಒಳಗೆ ಸೇರಿದ ಮೇಲೆ ನಿಜವಾದ ಪ್ರೋಗ್ರಾಮಿಂಗ್ ಆರಂಭವಾಗುತ್ತದೆ. ಹಲವು ಆಜ್ಞೆಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿ ಒಂದೇ ಗುಂಡಿಗೆ ಕಟ್ಟುವುದನ್ನು ಮ್ಯಾಕ್ರೋ ಎನ್ನುತ್ತಾರೆ. ಡಿಸ್ಕ್‌ನಲ್ಲಿರುವ ಸಿನಿಮಾ ನೋಡುವುದಕ್ಕೆ ಬೇಕಾದ ಮ್ಯಾಕ್ರೋದಲ್ಲಿ ಟಿವಿ ಚಾಲೂ, ರಿಸೀವರ್ ಚಾಲೂ, ಪ್ಲೇಯರ್ ಚಾಲೂ, ಟಿವಿಗೆ ಒಂದನೆಯ ಎಚ್‌ಡಿಎಂಐ, ರಿಸೀವರ್‌ಗೆ ಬ್ಲೂ-ರೇ ಇನ್‌ಪುಟ್ ಎಂಬ ಐದು ಆಜ್ಞೆಗಳಿರುತ್ತವೆ ಎಂದಿಟ್ಟುಕೊಂಡರೆ, ಇವೆಲ್ಲವನ್ನೂ ರಿಮೋಟ್ ಅರ್ಧ ಸೆಕೆಂಡಿನೊಳಗೆ ಹೇಳಿ ಮುಗಿಸಬಲ್ಲದು. ಆದರೆ ನಿದ್ರಾಸ್ಥಿತಿಯಿಂದ ಎದ್ದ ಟಿವಿಗೆ ಮುಂದಿನ ಆಜ್ಞೆಯನ್ನು ಸ್ವೀಕರಿಸಲು ಕೆಲವು ಸೆಕೆಂಡುಗಳು ಬೇಕು, ರಿಸೀವರ್‌ಗೂ ಅಷ್ಟೇ. ಅಷ್ಟರಲ್ಲಿ ಇನ್‌ಪುಟ್ ಬದಲಿಸುವ ಆಜ್ಞೆ ಬಂದುಹೋಗಿರುತ್ತದೆ. ಆದ್ದರಿಂದ ಆಜ್ಞೆಗಳ ನಡುವೆ ಬೇಕಾದಷ್ಟು ವಿಲಂಬವನ್ನು ಸೇರಿಸಬೇಕು. ಜಾಣರು ಮೊದಲು ಎಲ್ಲ ಯಂತ್ರಗಳಿಗೂ ಚಾಲೂ ಆಗುವ ಆಜ್ಞೆಯನ್ನು ಕೊಟ್ಟು, ಅತ್ಯಂತ ನಿಧಾನವಾಗಿ ಏಳುವ ಯಂತ್ರಕ್ಕೆ ಬೇಕಾದಷ್ಟು ಹೊತ್ತು ಒಮ್ಮೆ ಮಾತ್ರ ಕಾದು, ಆಮೇಲೆ ಇನ್‌ಪುಟ್‌ಗಳ ಆಜ್ಞೆಯನ್ನು ಕಳುಹಿಸುತ್ತಾರೆ; ಹೀಗೆ ಮಾಡಿದರೆ ಪ್ರತಿ ಯಂತ್ರಕ್ಕೂ ಬೇರೆಬೇರೆಯಾಗಿ ಕಾಯುವ ಸಮಯ ಉಳಿಯುತ್ತದೆ. ಮ್ಯಾಕ್ರೋ ಮುಗಿಯುವ ತನಕ ರಿಮೋಟನ್ನು ಯಂತ್ರಗಳ ಕಡೆಗೇ ಹಿಡಿದಿರಬೇಕು ಎಂಬುದನ್ನು ಮನೆಯವರಿಗೆ ತಿಳಿಸದೆ ಹೋದರೆ ಅರ್ಧದಲ್ಲೇ ಕೈ ಕೆಳಗಿಳಿದು ಉಳಿದ ಆಜ್ಞೆಗಳು ವ್ಯರ್ಥವಾಗುತ್ತವೆ.

ಗುಂಡಿಗಳ ಹಂಚಿಕೆಯೂ ಅಷ್ಟೇ ಮುಖ್ಯ. ಸಿನಿಮಾ ನೋಡುವಾಗ ಧ್ವನಿಯ ಗುಂಡಿ ರಿಸೀವರ್‌ಗೆ, ಬಾಣದ ಗುಂಡಿಗಳು ಮತ್ತು ಪ್ಲೇ, ಪಾಸ್‌ಗಳು ಪ್ಲೇಯರ್‌ಗೆ, ಚಿತ್ರದ ಅನುಪಾತ ಬದಲಿಸುವ ಗುಂಡಿ ಟಿವಿಗೆ ಹೋಗಬೇಕು. ಚಾನೆಲ್ ನೋಡುವಾಗ ಧ್ವನಿ ರಿಸೀವರ್‌ನಲ್ಲೇ ಉಳಿದು ಅಂಕಿಗಳು ಸೆಟ್‌ಟಾಪ್ ಬಾಕ್ಸ್‌ಗೆ ಹೋಗಬೇಕು. ಯಾವ ಯಂತ್ರವನ್ನು ಆಯ್ದುಕೊಂಡಿದ್ದರೂ ಧ್ವನಿಯ ಆಜ್ಞೆಯನ್ನು ರಿಸೀವರ್‌ಗೇ ಕಳುಹಿಸುವ ಸೌಲಭ್ಯ ಸಾಧಾರಣ ಬೆಲೆಯ ರಿಮೋಟ್‌ಗಳಲ್ಲೂ ಇರುತ್ತದೆ. ಹೊಸದಾಗಿ ಪ್ರೋಗ್ರಾಮ್ ಮಾಡುವವರು ಇದನ್ನೇ ಮೊದಲು ಹೊಂದಿಸಿಕೊಂಡರೆ ದಿನನಿತ್ಯದ ಗೊಂದಲದ ಹೆಚ್ಚಿನ ಪಾಲು ಅಲ್ಲಿಗೇ ಕಳೆಯುತ್ತದೆ.

ಸ್ಥಿತಿ ತಿಳಿಯದ ತೊಡಕು

ಹೆಚ್ಚಿನ ರಿಮೋಟ್‌ಗಳ ಪವರ್ ಗುಂಡಿಯು ಚಾಲೂ ಇದ್ದ ಯಂತ್ರವನ್ನು ಆರಿಸುತ್ತದೆ, ಆರಿದ್ದನ್ನು ಚಾಲೂ ಮಾಡುತ್ತದೆ. ಇದಕ್ಕೆ ಟಾಗಲ್ ಆಜ್ಞೆ ಎನ್ನುತ್ತಾರೆ. ಯಂತ್ರವನ್ನು ಕಣ್ಣೆದುರು ನೋಡುತ್ತಿರುವ ಮನುಷ್ಯನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ, ಆದರೆ ನೋಡಲಾರದ ಮ್ಯಾಕ್ರೋಗೆ ಇದೇ ದೊಡ್ಡ ತೊಡಕು. ಮಕ್ಕಳು ಕಾರ್ಟೂನ್ ನೋಡಿ ಟಿವಿಯನ್ನು ಹಾಗೇ ಬಿಟ್ಟಿದ್ದಾಗ ಸಿನಿಮಾದ ಗುಂಡಿಯನ್ನು ಒತ್ತಿದರೆ ರಿಸೀವರ್ ಮತ್ತು ಪ್ಲೇಯರ್‌ಗಳು ಚಾಲೂ ಆಗಿ ಟಿವಿ ಮಾತ್ರ ಆರಿಹೋಗುತ್ತದೆ. ಗಾಬರಿಯಾಗಿ ಮತ್ತೊಮ್ಮೆ ಒತ್ತಿದರೆ ಟಿವಿ ಬಂದು ಉಳಿದೆರಡು ಆರುತ್ತವೆ. ಕರ್ನಾಟಕದ ಮನೆಗಳಲ್ಲಿ ಇದಕ್ಕೆ ವಿದ್ಯುತ್ ಕಡಿತವೂ ಸೇರಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ಕೆಲವು ಯಂತ್ರಗಳು ತಾವಾಗಿ ಚಾಲೂ ಆಗುತ್ತವೆ, ಕೆಲವು ನಿದ್ರಾಸ್ಥಿತಿಯಲ್ಲಿ ಉಳಿಯುತ್ತವೆ, ಇನ್ನು ಕೆಲವು ಕರೆಂಟ್ ಹೋಗುವ ಮುನ್ನ ಹೇಗಿದ್ದವೋ ಹಾಗೆಯೇ ಮರಳುತ್ತವೆ. ಈ ಮಧ್ಯೆ ಏನಾಯಿತೆಂಬ ಸುಳಿವು ಬ್ಯಾಟರಿಯಿಂದ ನಡೆಯುವ ರಿಮೋಟ್‌ಗೆ ಇರುವುದೇ ಇಲ್ಲ.

ಇದಕ್ಕೆ ಸರಿಯಾದ ಮದ್ದು ಪ್ರತ್ಯೇಕ ಆಜ್ಞೆ. ಹಲವು ಯಂತ್ರಗಳು ಟಾಗಲ್ ಆಜ್ಞೆಯ ಜೊತೆಗೆ, ಮೂಲ ರಿಮೋಟ್‌ನಲ್ಲಿ ಗುಂಡಿಯೇ ಇಲ್ಲದ, ಚಾಲೂ ಮಾತ್ರ ಮಾಡುವ ಒಂದು ಸಂಕೇತವನ್ನೂ ಆರಿಸುವುದಕ್ಕೆ ಮಾತ್ರ ಇನ್ನೊಂದು ಸಂಕೇತವನ್ನೂ ಅರ್ಥಮಾಡಿಕೊಳ್ಳುತ್ತವೆ. ಚಾಲೂ ಇದ್ದ ಯಂತ್ರಕ್ಕೆ ಚಾಲೂ ಎಂಬ ಪ್ರತ್ಯೇಕ ಆಜ್ಞೆ ಬಂದರೆ ಅದು ಸುಮ್ಮನಿರುತ್ತದೆ. ಎಚ್‌ಡಿಎಂಐ 1, ಎಚ್‌ಡಿಎಂಐ 2 ಎಂದು ಪ್ರತಿ ಇನ್‌ಪುಟ್‌ಗೂ ಇಂಥ ಪ್ರತ್ಯೇಕ ಸಂಕೇತಗಳಿರುವುದುಂಟು. ಗುಂಡಿಯಿಲ್ಲದ ಸಂಕೇತವನ್ನು ಮೂಲ ರಿಮೋಟ್‌ನಿಂದ ಕಲಿಯಲು ಆಗದ ಕಾರಣ, ತಯಾರಕರ ಸಂಕೇತಪಟ್ಟಿಯಿಂದಲೋ ಹವ್ಯಾಸಿಗಳ ಸಂಗ್ರಹದಿಂದಲೋ ಅದನ್ನು ಪಡೆಯಬೇಕು.

ಪ್ರತ್ಯೇಕ ಆಜ್ಞೆ ಇಲ್ಲದ ಯಂತ್ರಗಳಿಗೆ ಅನುಭವಿಗಳು ಕೆಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಕೆಲವು ಟಿವಿಗಳು ಅಂಕಿಯ ಗುಂಡಿ ಒತ್ತಿದರೂ, ಕೆಲವು ಪ್ಲೇಯರ್‌ಗಳು ಪ್ಲೇ ಗುಂಡಿ ಒತ್ತಿದರೂ ಚಾಲೂ ಆಗುತ್ತವೆ, ಚಾಲೂ ಇದ್ದಾಗ ಆ ಗುಂಡಿಯಿಂದ ಆರುವುದಿಲ್ಲ. ಹಾಗಾಗಿ ಆ ಗುಂಡಿಯನ್ನೇ ಚಾಲೂ ಆಜ್ಞೆಯಾಗಿ ಬಳಸಬಹುದು. ಅದೇ ಯಂತ್ರವನ್ನು ಖಚಿತವಾಗಿ ಆರಿಸಬೇಕಾದರೆ ಮೊದಲು ಆ ಗುಂಡಿಯಿಂದ ಅದು ಚಾಲೂ ಇರುವಂತೆ ಮಾಡಿ, ಸ್ವಲ್ಪ ಹೊತ್ತು ಕಾದು, ಪವರ್ ಆಜ್ಞೆ ಕಳುಹಿಸಿದರೆ ಆಯಿತು. ಇನ್‌ಪುಟ್‌ಗಳನ್ನು ಒಂದಾದ ಮೇಲೊಂದರಂತೆ ದಾಟಿಸುವ ಒಂದೇ ಗುಂಡಿ ಇರುವ ಟಿವಿಯಲ್ಲಿ, ಮೊದಲು ಟ್ಯೂನರ್‌ಗೆ ನೇರವಾಗಿ ಮರಳಿಸುವ ಗುಂಡಿಯನ್ನು ಕಳುಹಿಸಿ, ಅಲ್ಲಿಂದ ಲೆಕ್ಕ ಹಾಕಿ ಇನ್‌ಪುಟ್ ಆಜ್ಞೆಯನ್ನು ಬೇಕಾದಷ್ಟು ಸಲ ಕಳುಹಿಸಬಹುದು. ಈ ಎಲ್ಲ ಉಪಾಯಗಳ ಹಿಂದಿರುವ ತತ್ವ ಒಂದೇ: ಯಂತ್ರದ ಈಗಿನ ಸ್ಥಿತಿ ತಿಳಿಯದಿದ್ದರೆ, ಮೊದಲು ಅದನ್ನು ತಿಳಿದ ಸ್ಥಿತಿಗೆ ತಂದು ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ನಡೆಸಬೇಕು.

ಹಾರ್ಮನಿಯ ಏಳುಬೀಳು

ಈ ತೊಡಕನ್ನು ಸಾಮಾನ್ಯ ಗ್ರಾಹಕರ ಹೆಗಲಿಂದ ಇಳಿಸಲು ನಡೆದ ಪ್ರಯತ್ನಗಳಲ್ಲಿ ಹೆಚ್ಚು ಯಶಸ್ವಿಯಾದದ್ದು ಹಾರ್ಮನಿ ರಿಮೋಟ್. ಕೆನಡಾದ ಟೊರಾಂಟೊ ಬಳಿಯ ಮಿಸ್ಸಿಸಾಗದಲ್ಲಿದ್ದ ಇಂಟ್ರೀಗ್ ಟೆಕ್ನಾಲಜೀಸ್ ಎಂಬ ಚಿಕ್ಕ ಕಂಪನಿ ಇದನ್ನು ರೂಪಿಸಿತು, ಲಾಜಿಟೆಕ್ 2004ರಲ್ಲಿ ಆ ಕಂಪನಿಯನ್ನು 2.9 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಹಾರ್ಮನಿಯಲ್ಲಿ ಬಳಕೆದಾರರು ಮ್ಯಾಕ್ರೋ ಬರೆಯಬೇಕಾಗಿರಲಿಲ್ಲ. ತಮ್ಮ ಯಂತ್ರಗಳ ಮಾದರಿ ಸಂಖ್ಯೆಗಳನ್ನು ಅಂತರಜಾಲದ ಮೂಲಕ ತಿಳಿಸಿ, ಸಿನಿಮಾ ನೋಡುವಾಗ ಯಾವ ಯಂತ್ರ ಯಾವ ಇನ್‌ಪುಟ್‌ನಲ್ಲಿರಬೇಕು, ಧ್ವನಿ ಯಾವುದರಿಂದ ಬರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ, ಆಜ್ಞೆಗಳ ಕ್ರಮವನ್ನೂ ವಿಲಂಬವನ್ನೂ ಆ ವ್ಯವಸ್ಥೆಯೇ ಲೆಕ್ಕ ಹಾಕಿ ರಿಮೋಟ್‌ಗೆ ಇಳಿಸುತ್ತಿತ್ತು. ಹೀಗೆ ಯಂತ್ರಗಳ ಹೆಸರಿನ ಬದಲು ‘ಟಿವಿ ನೋಡು’, ‘ಸಿನಿಮಾ ನೋಡು’, ‘ಸಂಗೀತ ಕೇಳು’ ಎಂಬ ಕೆಲಸಗಳ ಹೆಸರು ಗುಂಡಿಯ ಮೇಲೆ ಬಂದಿತು.

ಹಾರ್ಮನಿ ತಾನು ಕಳುಹಿಸಿದ ಆಜ್ಞೆಗಳನ್ನು ನೆನಪಿಟ್ಟುಕೊಂಡು, ಅದರಿಂದ ಪ್ರತಿ ಯಂತ್ರದ ಸ್ಥಿತಿಯನ್ನು ಊಹಿಸುತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಎರಡಕ್ಕೂ ಬೇಕಾದ ಯಂತ್ರವನ್ನು ಹಾಗೇ ಬಿಟ್ಟು, ಬೇಡವಾದುದನ್ನು ಆರಿಸಿ, ಹೊಸದನ್ನು ಮಾತ್ರ ಚಾಲೂ ಮಾಡುತ್ತಿತ್ತು. ಊಹೆ ತಪ್ಪಿದರೆ, ಅಂದರೆ ಯಾರೋ ಟಿವಿಯ ಗುಂಡಿಯನ್ನು ಕೈಯಿಂದಲೇ ಒತ್ತಿದ್ದರೆ ಅಥವಾ ಯಾವುದೋ ಆಜ್ಞೆ ತಲುಪದೆ ಹೋಗಿದ್ದರೆ, ಸಹಾಯದ ಗುಂಡಿ ಒತ್ತಿದಾಗ ಅದು ಪರದೆಯ ಮೇಲೆ ‘ಟಿವಿ ಚಾಲೂ ಆಗಿದೆಯೇ?’ ಎಂಬಂಥ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಉತ್ತರಕ್ಕೆ ತಕ್ಕಂತೆ ಸರಿಪಡಿಸುತ್ತಿತ್ತು. ಯಂತ್ರವು ಹೇಳಲಾರದ ಉತ್ತರವನ್ನು ಮನುಷ್ಯನಿಂದ ಕೇಳಿ ಪಡೆಯುವ ಈ ಏರ್ಪಾಡು ರಿಮೋಟ್‌ನ ಮೂಲ ಕೊರತೆಗೆ ದೊರೆತ ಅತ್ಯಂತ ಸರಳ ಪರಿಹಾರಗಳಲ್ಲೊಂದು. ಲಾಜಿಟೆಕ್ 2021ರ ಏಪ್ರಿಲ್‌ನಲ್ಲಿ ಹಾರ್ಮನಿ ರಿಮೋಟ್‌ಗಳ ತಯಾರಿಕೆಯನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು, ಈಗಾಗಲೇ ಕೊಂಡವರಿಗೆ ಸೇವೆ ಮುಂದುವರಿಯುವುದೆಂದೂ ತಿಳಿಸಿತು. ಆದರೂ ಅಂತರಜಾಲದಲ್ಲಿರುವ ಕಂಪನಿಯ ದತ್ತಕೋಶವನ್ನು ನಂಬಿದ ಸಾಧನವೊಂದರ ಆಯುಷ್ಯ ಆ ಕಂಪನಿಯ ನಿರ್ಧಾರಕ್ಕೆ ಕಟ್ಟುಬಿದ್ದಿರುತ್ತದೆ ಎಂಬುದು ಇದರಿಂದ ಬಳಕೆದಾರರಿಗೆ ಮನದಟ್ಟಾಯಿತು.

ಕೇಬಲ್‌ನೊಳಗಿನ ಸಂವಾದ

ಹಾರ್ಮನಿಯಂಥ ರಿಮೋಟ್‌ಗಳ ಬೇಡಿಕೆ ಇಳಿಯಲು ಯಂತ್ರಗಳು ಪರಸ್ಪರ ಮಾತಾಡಲು ಕಲಿತದ್ದೂ ಒಂದು ಕಾರಣ. ಎಚ್‌ಡಿಎಂಐ ಕೇಬಲ್‌ನ 13ನೆಯ ಪಿನ್‌ನಲ್ಲಿ ಸಿಇಸಿ ಎಂಬ ವ್ಯವಸ್ಥೆಗಾಗಿ ಒಂದು ತಂತಿಯನ್ನು ಮೀಸಲಿಡಲಾಗಿದೆ; ಸೆಕೆಂಡಿಗೆ ಸುಮಾರು 400 ಬಿಟ್‌ಗಳ ನಿಧಾನಗತಿಯಲ್ಲಾದರೂ ಅದರ ಮೂಲಕ ಪ್ಲೇಯರ್ ಟಿವಿಯನ್ನು ಎಚ್ಚರಿಸಿ ತನ್ನ ಇನ್‌ಪುಟ್‌ಗೆ ತಿರುಗಿಸಬಲ್ಲದು, ಟಿವಿಯ ರಿಮೋಟ್‌ನ ಧ್ವನಿ ಆಜ್ಞೆಯನ್ನು ಟಿವಿಯು ರಿಸೀವರ್‌ಗೆ ದಾಟಿಸಬಲ್ಲದು. ಇದನ್ನೇ ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ ಬೇರೆಬೇರೆ ಹೆಸರುಗಳಿಂದ ಕರೆಯುವುದರಿಂದ ಬಳಕೆದಾರರಿಗೆ ತಮ್ಮ ಟಿವಿಯಲ್ಲಿ ಈ ಸೌಲಭ್ಯ ಇರುವುದೇ ಎಷ್ಟೋ ಸಲ ತಿಳಿಯುವುದಿಲ್ಲ. ಎರಡೇ ಯಂತ್ರಗಳಿರುವ ಮನೆಗೆ ಇಷ್ಟು ಸಾಕು. ಆದರೆ ಬೇರೆಬೇರೆ ಕಂಪನಿಗಳ ನಾಲ್ಕೈದು ಯಂತ್ರಗಳು ಸೇರಿದಾಗ ಸಿಇಸಿಯ ನಡವಳಿಕೆ ಅನಿಶ್ಚಿತವಾಗುತ್ತದೆ: ಒಂದನ್ನು ಆರಿಸಿದರೆ ಎಲ್ಲವೂ ಆರುವುದು, ಯಾರೂ ಕೇಳದೆ ಇನ್‌ಪುಟ್ ಬದಲಾಗುವುದು ಇಂಥವು ನಡೆಯುತ್ತವೆ. ಮ್ಯಾಕ್ರೋ ಮತ್ತು ಸಿಇಸಿಗಳೆರಡೂ ಒಟ್ಟಿಗೆ ದುಡಿಯುತ್ತಿದ್ದರೆ ಒಂದು ಚಾಲೂ ಮಾಡಿದ ಯಂತ್ರವನ್ನು ಇನ್ನೊಂದು ಟಾಗಲ್ ಆಜ್ಞೆಯಿಂದ ಆರಿಸಿಬಿಡುವ ಅಪಾಯವೂ ಇದೆ. ಆದ್ದರಿಂದ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಬದಲಾವಣೆ ಅವಕೆಂಪು ಕಿರಣವನ್ನೇ ಬಿಟ್ಟ ಯಂತ್ರಗಳದು. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್‌ನಂಥ ಸಾಧನಗಳು ಟಿವಿಯ ಹಿಂಬದಿಯಲ್ಲಿ ಅಡಗಿರುವುದರಿಂದ ಅವು ಬ್ಲೂಟೂತ್ ಎಂಬ ರೇಡಿಯೊ ಸಂಪರ್ಕವನ್ನು ಬಳಸುತ್ತವೆ. ಅವಕೆಂಪು ಮಾತ್ರ ಬಲ್ಲ ಯೂನಿವರ್ಸಲ್ ರಿಮೋಟ್ ಇವನ್ನು ನಿಯಂತ್ರಿಸಲಾರದು. ಇದಕ್ಕಾಗಿ ಹಬ್ ಎಂಬ ಪುಟ್ಟ ಪೆಟ್ಟಿಗೆ ಬಂದಿದೆ. ರಿಮೋಟ್ ಅಥವಾ ಫೋನ್ ರೇಡಿಯೊ ತರಂಗದ ಮೂಲಕ ಹಬ್‌ಗೆ ಹೇಳುತ್ತದೆ, ಹಬ್ ಆಯಾ ಯಂತ್ರಕ್ಕೆ ಅವಕೆಂಪಿನಲ್ಲೋ ಬ್ಲೂಟೂತ್‌ನಲ್ಲೋ ವೈಫೈನಲ್ಲೋ ತಲುಪಿಸುತ್ತದೆ. ಮರದ ಬಾಗಿಲಿನ ಕಪಾಟಿನೊಳಗೆ ಯಂತ್ರಗಳನ್ನಿಟ್ಟ ಮನೆಗಳಿಗೂ ಹಬ್ ಅನುಕೂಲ, ಏಕೆಂದರೆ ಅವಕೆಂಪು ಕಿರಣ ಮರವನ್ನು ಹಾಯುವುದಿಲ್ಲ. ಹಬ್‌ನಿಂದ ಹೊರಟ ತಂತಿಯ ತುದಿಯಲ್ಲಿರುವ ಎಲ್‌ಇಡಿಯನ್ನು ಯಂತ್ರದ ಗ್ರಾಹಕದ ಮುಂದೆ ಅಂಟಿಸಿಬಿಡಬಹುದು. ಸೋಫಾಬೇಟನ್ ಕಂಪನಿಯ ಹಬ್ ಸಹಿತ ರಿಮೋಟ್‌ಗಳು ಹಾರ್ಮನಿ ಬಿಟ್ಟ ಜಾಗವನ್ನು ತುಂಬಲು ಯತ್ನಿಸುತ್ತಿವೆ, ಬ್ರಾಡ್‌ಲಿಂಕ್‌ನ ಹಬ್‌ಗಳು ಫೋನನ್ನೇ ರಿಮೋಟ್ ಆಗಿಸುತ್ತವೆ. ಶವೋಮಿಯ ಹಲವು ಫೋನ್‌ಗಳಲ್ಲಿ ಅವಕೆಂಪು ಎಲ್‌ಇಡಿಯೇ ಇರುವುದರಿಂದ ಹಬ್ ಇಲ್ಲದೆಯೂ ಟಿವಿ ಮತ್ತು ಏಸಿಗಳನ್ನು ನಡೆಸಬಹುದು. ಆದರೆ ಫೋನ್ ಒಬ್ಬರ ಜೇಬಿನಲ್ಲಿರುವ ವಸ್ತು, ರಿಮೋಟ್ ಮನೆಯವರೆಲ್ಲರದು. ಹೆಚ್ಚು ಹಣ ತೊಡಗಿಸಬಲ್ಲವರಿಗಾಗಿ ಕ್ರೆಸ್ಟ್ರಾನ್, ಕಂಟ್ರೋಲ್4 ಮುಂತಾದ ಕಂಪನಿಗಳು ತಂತಿ ಅಥವಾ ನೆಟ್‌ವರ್ಕ್ ಮೂಲಕ ಯಂತ್ರದ ಉತ್ತರವನ್ನೂ ಕೇಳಿಸಿಕೊಳ್ಳುವ ವ್ಯವಸ್ಥೆಗಳನ್ನು ಕೊಡುತ್ತವೆ. ಅಲ್ಲಿ ಊಹೆಗೆ ಎಡೆ ಕಡಿಮೆ.

ಪ್ರೋಗ್ರಾಮ್ ಮಾಡುವವರಿಗೆ

ಯೂನಿವರ್ಸಲ್ ರಿಮೋಟ್ ಕೊಳ್ಳುವ ಮುನ್ನ ಮನೆಯ ಯಂತ್ರಗಳನ್ನು ಪಟ್ಟಿ ಮಾಡಿ, ಪ್ರತಿಯೊಂದೂ ಅವಕೆಂಪು ಸಂಕೇತವನ್ನು ಸ್ವೀಕರಿಸುತ್ತದೆಯೇ ಎಂದು ನೋಡಿಕೊಳ್ಳಬೇಕು; ಒಂದಾದರೂ ಬ್ಲೂಟೂತ್ ಮಾತ್ರ ಬಲ್ಲದ್ದಾದರೆ ಹಬ್ ಇರುವ ಮಾದರಿ ಬೇಕಾಗುತ್ತದೆ. ಮನೆಯಲ್ಲಿ ನಡೆಯುವ ಕೆಲಸಗಳು ಯಾವುವು, ಪ್ರತಿ ಕೆಲಸಕ್ಕೂ ಯಾವ ಯಂತ್ರ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಂಡ ಬಳಿಕವೇ ಗುಂಡಿಗಳಿಗೆ ಕೈ ಹಚ್ಚುವುದು ಲೇಸು. ಮ್ಯಾಕ್ರೋವನ್ನು ಎಲ್ಲ ಯಂತ್ರಗಳೂ ಆರಿರುವಾಗ ಒಮ್ಮೆ, ಎಲ್ಲವೂ ಚಾಲೂ ಇರುವಾಗ ಒಮ್ಮೆ, ಕೆಲವು ಮಾತ್ರ ಚಾಲೂ ಇರುವಾಗ ಒಮ್ಮೆ, ಮುಖ್ಯ ಸ್ವಿಚ್ ಆರಿಸಿ ಮತ್ತೆ ಹಾಕಿದ ಮೇಲೆ ಒಮ್ಮೆ ಪರೀಕ್ಷಿಸಬೇಕು. ನಾಲ್ಕೂ ಸಂದರ್ಭಗಳಲ್ಲಿ ಒಂದೇ ಫಲ ಬಂದರೆ ಮಾತ್ರ ಅದು ನಂಬಲು ಯೋಗ್ಯ. ವಿಲಂಬವನ್ನು ಮೊದಲು ಧಾರಾಳವಾಗಿ ಕೊಟ್ಟು, ಎಲ್ಲವೂ ಸರಿಯಾಗಿ ನಡೆದ ಮೇಲೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬಹುದು. ಕಂಪ್ಯೂಟರ್ ಅಥವಾ ಆ್ಯಪ್ ಮೂಲಕ ಸಿದ್ಧಪಡಿಸಿದ್ದರೆ ಅದರ ಪ್ರತಿಯನ್ನು ಬೇರೆಡೆ ಉಳಿಸಿಡಬೇಕು. ಮೂಲ ರಿಮೋಟ್‌ಗಳನ್ನು ಎಸೆಯಬಾರದು, ಏಕೆಂದರೆ ಮರಳಿ ಕಲಿಸಬೇಕಾದ ದಿನ ಅವೇ ಆಧಾರ. ಬ್ಯಾಟರಿ ಸೋರಿ ಕೆಡದಂತೆ ಅದನ್ನು ತೆಗೆದು, ರಿಮೋಟ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟರೆ ಸಾಕು. ರಿಮೋಟ್‌ನ ಗುಂಡಿಗಳ ಮೇಲಿನ ಇಂಗ್ಲಿಷ್ ಬರಹ ಓದಲು ಕಷ್ಟಪಡುವ ಹಿರಿಯರಿದ್ದರೆ, ‘ಸಿನಿಮಾ’, ‘ಟಿವಿ’, ‘ಎಲ್ಲ ಆರಿಸು’ ಎಂಬ ಮೂರು ಚೀಟಿಗಳನ್ನು ಕನ್ನಡದಲ್ಲಿ ಬರೆದು ಅಂಟಿಸುವುದರಿಂದ ಆಗುವ ಉಪಕಾರ ಬೆಲೆಬಾಳುವ ಸ್ಪರ್ಶಪರದೆಯಿಂದಲೂ ಆಗದು.

ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಎರಡೇ ಇರುವ ಮನೆಗೆ ದುಬಾರಿ ಯೂನಿವರ್ಸಲ್ ರಿಮೋಟ್ ಬೇಕಿಲ್ಲ. ಸೆಟ್‌ಟಾಪ್ ಬಾಕ್ಸ್‌ನ ರಿಮೋಟ್‌ಗೆ ಟಿವಿಯ ಮೂರು ಗುಂಡಿಗಳನ್ನು ಕಲಿಸಿದರೆ ಕೆಲಸ ಮುಗಿಯುತ್ತದೆ. ಮೂರಕ್ಕಿಂತ ಹೆಚ್ಚು ಯಂತ್ರಗಳಿರುವ ಹೋಮ್ ಥಿಯೇಟರ್‌ಗೆ ಯೂನಿವರ್ಸಲ್ ರಿಮೋಟ್ ಕೊಟ್ಟ ಹಣಕ್ಕೂ ವ್ಯಯಿಸಿದ ಸಂಜೆಗಳಿಗೂ ತಕ್ಕ ಫಲ ಕೊಡುತ್ತದೆ, ಆದರೆ ಪ್ರೋಗ್ರಾಮ್ ಮಾಡಿದವರು ಅದನ್ನು ತಾವೇ ಪರೀಕ್ಷಿಸಿ ತೃಪ್ತರಾಗಬಾರದು. ಅದರ ಬಗ್ಗೆ ಏನೂ ಗೊತ್ತಿಲ್ಲದ ಮನೆಯ ಸದಸ್ಯರೊಬ್ಬರ ಕೈಗೆ ಕೊಟ್ಟು, ಪಕ್ಕದ ಕೋಣೆಗೆ ಹೋಗಿ ಕುಳಿತು, ಅವರು ಯಾರನ್ನೂ ಕರೆಯದೆ ಸಿನಿಮಾ ಆರಂಭಿಸಿದರೆ ಆ ಪ್ರೋಗ್ರಾಮ್ ಸರಿಯಾಗಿದೆ ಎಂದು ತಿಳಿಯಬಹುದು.